ಟೈಮ್ ಟ್ರಾವೆಲ್ ಟೈ-ಇನ್ ಕಾದಂಬರಿ: ಓದಿ, ಲೆಕ್ಕ ಹಾಕಿ, ಅಭಿಪ್ರಾಯ ಬರೆಯುವ ಬಗೆ

ಟಿವಿ ಸರಣಿಯನ್ನೋ ಸಿನಿಮಾವನ್ನೋ ಹಿಡಿದು ಬಂದ ಕಾದಂಬರಿಯ (ಇದನ್ನೇ ಟೈ-ಇನ್ ಎನ್ನುತ್ತಾರೆ) ಬಗ್ಗೆ ಓದುಗರ ಅಭಿಪ್ರಾಯ ಹುಡುಕಿದರೆ ಹೆಚ್ಚಾಗಿ ಎರಡು ಮಾತು ಸಿಗುತ್ತವೆ: "ಸರಣಿಯಲ್ಲಿ ಹೀಗಿರಲಿಲ್ಲ", ಇಲ್ಲವೇ "ನಮ್ಮ ಮೆಚ್ಚಿನ ಪಾತ್ರಗಳು ಮತ್ತೆ ಸಿಕ್ಕವು, ಖುಷಿಯಾಯಿತು". ಕಥೆಯಲ್ಲಿ ಕಾಲಯಾನವೂ ಇದ್ದರೆ ಮೂರನೆಯದೊಂದು ಸೇರುತ್ತದೆ: "ತಲೆ ಗಿರ್ ಅಂತು". ಅದು ಹೊಗಳಿಕೆಯೋ ದೂರೋ ಬರೆದವರಿಗೇ ಗೊತ್ತಿರುವುದಿಲ್ಲ. ಪುಸ್ತಕ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಮೂರರಿಂದಲೂ ಉಪಯೋಗವಿಲ್ಲ.

ಇಂಥ ಕಾದಂಬರಿಯಲ್ಲಿ ಮೂರು ಲೆಕ್ಕಗಳಿರುತ್ತವೆ. ಮೂಲ ಸರಣಿಗೆ ಅದು ಎಷ್ಟು ಬದ್ಧ? ಕಾಲದ ಬಗ್ಗೆ ತಾನೇ ಹಾಕಿಕೊಂಡ ನಿಯಮಕ್ಕೆ ಎಷ್ಟು ಬದ್ಧ? ಸರಣಿಯ ಹೆಸರನ್ನು ಅಳಿಸಿದರೂ ಕಾದಂಬರಿಯಾಗಿ ನಿಲ್ಲುತ್ತದೆಯೇ? ಮೂರನ್ನೂ ಒಂದೇ ಚೀಲಕ್ಕೆ ತುಂಬಿದಾಗ ಅಭಿಪ್ರಾಯ ಕೆಡುತ್ತದೆ. ಅವನ್ನು ಕೊನೆಯವರೆಗೂ ಬೇರೆ ಬೇರೆ ಇಟ್ಟುಕೊಳ್ಳುವುದಕ್ಕೆ ಈ ಕ್ರಮ.

1. ಮೊದಲು ಪುಸ್ತಕದ ಜಾತಿ ಗುರುತಿಸಿ

ಹಕ್ಕುಸ್ವಾಮ್ಯದ ಪುಟ ತೆರೆಯಿರಿ. ಎರಡು ವಿಷಯ ಬರೆದುಕೊಳ್ಳಿ: ಮೊದಲ ಮುದ್ರಣದ ವರ್ಷ ಮತ್ತು ಹಕ್ಕು ಯಾರದು ಎಂಬುದು. ಟೈ-ಇನ್‌ಗಳಲ್ಲಿ ಹಕ್ಕು ಸಾಮಾನ್ಯವಾಗಿ ಲೇಖಕರದ್ದಲ್ಲ, ಸರಣಿಯ ಒಡೆತನವಿರುವ ಸಂಸ್ಥೆಯದ್ದು. ಕಥೆಯ ರೂಪರೇಖೆಗೂ ಹಸ್ತಪ್ರತಿಗೂ ಆ ಸಂಸ್ಥೆಯ ಒಪ್ಪಿಗೆ ಬೇಕು. "ಲೇಖಕರು ಧೈರ್ಯ ಮಾಡಿ ಮುಖ್ಯ ಪಾತ್ರವನ್ನು ಸಾಯಿಸಬಹುದಿತ್ತು" ಎಂದು ಬರೆಯುವ ಮೊದಲು ಇದು ನೆನಪಿರಲಿ. ಆ ಧೈರ್ಯ ಮಾಡುವ ಅಧಿಕಾರ ಅನೇಕ ಸಲ ಅವರ ಕೈಯಲ್ಲಿ ಇರುವುದೇ ಇಲ್ಲ.

ಆಮೇಲೆ ಇದು ತೆರೆಯ ಮೇಲೆ ಬಂದ ಕಥೆಯದೇ ಕಾದಂಬರಿ ರೂಪವೋ, ಆ ಪಾತ್ರಗಳನ್ನಿಟ್ಟು ಬರೆದ ಹೊಸ ಕಥೆಯೋ ನೋಡಿ. ತೆರೆಯ ಕಥೆಯನ್ನೇ ಕಾದಂಬರಿ ಮಾಡುವವರು ಬಹುತೇಕ ಸಂದರ್ಭದಲ್ಲಿ ಮುಗಿದ ಸಿನಿಮಾ ನೋಡಿ ಬರೆಯುವುದಿಲ್ಲ. ಸಿನಿಮಾ ಬಿಡುಗಡೆಯ ಹೊತ್ತಿಗೆ ಪುಸ್ತಕವೂ ಅಂಗಡಿಯಲ್ಲಿರಬೇಕಾದ್ದರಿಂದ ಚಿತ್ರಕಥೆಯ ಯಾವುದೋ ಒಂದು ಕರಡು ಹಿಡಿದು ಬರೆಯುತ್ತಾರೆ. ಸಂಕಲನದಲ್ಲಿ ಕತ್ತರಿಸಿದ ದೃಶ್ಯ ಪುಸ್ತಕದಲ್ಲಿ ಉಳಿದಿರುತ್ತದೆ, ಕೊನೆಗಳಿಗೆಯಲ್ಲಿ ಸೇರಿಸಿದ ಸಂಭಾಷಣೆ ಇರುವುದಿಲ್ಲ. ಆ ವ್ಯತ್ಯಾಸವನ್ನು ತಪ್ಪುಗಳ ಪಟ್ಟಿಗೆ ಸೇರಿಸಬೇಡಿ.

ವರ್ಷ ಏಕೆ ಬೇಕು? ಕಾದಂಬರಿ ಬಂದ ದಿನದವರೆಗಿನ ಸರಣಿ ಮಾತ್ರ ಅದಕ್ಕೆ ಗೊತ್ತು. ಕಾಲಯಾನದ ಬ್ರಿಟಿಷ್ ಟಿವಿ ಸರಣಿ 'ಡಾಕ್ಟರ್ ಹೂ' 2005ರಲ್ಲಿ ತೆರೆಗೆ ಮರಳಿದಾಗ ಹೇಳಿದ, ನಾಯಕನ ಜನಾಂಗವೇ ಸಿಲುಕಿದ್ದ ಕಾಲಯುದ್ಧದ ಸಂಗತಿ 1990ರ ದಶಕದ ಕಾದಂಬರಿಗೆ ತಿಳಿದಿರಲು ದಾರಿಯೇ ಇಲ್ಲ. 'ಸ್ಟಾರ್ ವಾರ್ಸ್' ಒಡೆತನದ ಸಂಸ್ಥೆ 2014ರ ಏಪ್ರಿಲ್‌ನಲ್ಲಿ ಹಳೆಯ ಕಾದಂಬರಿಗಳನ್ನೆಲ್ಲ 'ಲೆಜೆಂಡ್ಸ್' ಎಂಬ ಹೆಸರಿನಡಿ ಪಕ್ಕಕ್ಕಿಟ್ಟಿತು. ಅಲ್ಲಿಯವರೆಗೆ ಲೆಕ್ಕಕ್ಕಿದ್ದ ಕಥೆಗಳು ಒಂದೇ ದಿನದಲ್ಲಿ ಲೆಕ್ಕದಿಂದಾಚೆ ಹೋದವು. ಪುಸ್ತಕಗಳ ಗುಣವೇನೂ ಆ ದಿನ ಬದಲಾಗಲಿಲ್ಲ.

ಕಥೆ ಸರಣಿಯ ಯಾವ ಘಟ್ಟದಲ್ಲಿ ನಡೆಯುತ್ತದೆ ಎಂಬುದನ್ನೂ ಗುರುತಿಸಿ. 'ಸ್ಟಾರ್ ಟ್ರೆಕ್'ನ 'ನೆಕ್ಸ್ಟ್ ಜನರೇಶನ್' ಕಾದಂಬರಿಯಾದರೆ ಸ್ಟಾರ್‌ಡೇಟ್ (ಆ ಜಗತ್ತಿನಲ್ಲಿ ದಿನಾಂಕ ಹೇಳುವ ಅಂಕಿ) ನೋಡಿ. 41ರಿಂದ ಶುರುವಾದರೆ ಮೊದಲ ಸೀಸನ್, 42 ಆದರೆ ಎರಡನೆಯದು. 1960ರ ದಶಕದ ಮೂಲ ಸರಣಿಗೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿನ ಸ್ಟಾರ್‌ಡೇಟ್‌ಗಳಿಗೆ ಅಂಥ ಕ್ರಮವೇ ಇಲ್ಲ. 'ಡಾಕ್ಟರ್ ಹೂ' ಆದರೆ (ಅಲ್ಲಿ ಮುಖ್ಯ ಪಾತ್ರವಾದ ಡಾಕ್ಟರ್ ಆಗಾಗ ಹೊಸ ರೂಪ ತಾಳುವುದುಂಟು) ಎಷ್ಟನೆಯ ಡಾಕ್ಟರ್, ಜೊತೆಗಿರುವವರು ಯಾರು ಎಂಬ ಎರಡೇ ಪ್ರಶ್ನೆ ಸಾಕು.

2. ಮೊದಲ ಓದಿನಲ್ಲಿ ಮೂರೇ ಗುರುತು

ಮೊದಲ ಓದು ಸಂತೋಷಕ್ಕೆ. ಆದರೂ ಪೆನ್ಸಿಲ್ ಜೊತೆಗಿರಲಿ. ದಿನಾಂಕ ಅಥವಾ ಸಮಯ ಬಂದಲ್ಲಿ 'ದಿ', ಕಾಲದ ನಿಯಮವನ್ನು ಯಾರಾದರೂ ಹೇಳಿದಲ್ಲಿ 'ನಿ', ನಿಮಗೆ ಏನೋ ಸರಿಹೋಗದಲ್ಲಿ ಬರೀ ಒಂದು ಗೀಟು. ಇದಕ್ಕಿಂತ ಹೆಚ್ಚು ಟಿಪ್ಪಣಿಗೆ ಹೋದರೆ ಕಥೆ ಕೈತಪ್ಪುತ್ತದೆ. ಇ-ಪುಸ್ತಕವಾದರೆ ಮೂರು ಬಣ್ಣ ಬಳಸಿ.

ಅಧ್ಯಾಯದ ತಲೆಯಲ್ಲಿ ಅಚ್ಚಾದ ದಿನಾಂಕವನ್ನು ಹಾರಿಸಿ ಓದುವ ಚಾಳಿ ಬಹಳ ಜನಕ್ಕಿದೆ. "ಏನೂ ಅರ್ಥವಾಗಲಿಲ್ಲ" ಎಂಬ ದೂರುಗಳಲ್ಲಿ ಒಳ್ಳೆಯ ಪಾಲು ಹುಟ್ಟುವುದು ಅಲ್ಲಿಯೇ.

3. ಎರಡು ಕಾಲದ ಪಟ್ಟಿ ಹಾಕಿ

ಇಡೀ ಕೆಲಸದ ಬೆನ್ನೆಲುಬು ಇದು. ತತ್ತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ 1976ರ ತಮ್ಮ ಪ್ರಬಂಧದಲ್ಲಿ ಕಾಲವನ್ನು ಎರಡಾಗಿ ಬಿಡಿಸಿ ತೋರಿಸಿದರು: ಲೋಕದ ಗಡಿಯಾರ ತೋರಿಸುವ ಹೊರಗಿನ ಕಾಲ, ಪ್ರಯಾಣಿಕನ ಕೈಗಡಿಯಾರ ತೋರಿಸುವ ಸ್ವಂತ ಕಾಲ. ಕಾಲಯಾನ ಎಂದರೆ ಇವೆರಡರ ನಡುವೆ ಹೊಂದಿಕೆ ತಪ್ಪುವುದು, ಅಷ್ಟೇ.

ಒಂದು ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ಪುಟ, ಹೊರಗಿನ ದಿನಾಂಕ, ಪಾತ್ರದ ಸ್ವಂತ ವಯಸ್ಸು, ಆ ಗಳಿಗೆಯಲ್ಲಿ ಪಾತ್ರಕ್ಕೆ ಏನು ಗೊತ್ತು, ಕೈಯಲ್ಲಿ ಏನಿದೆ. ಮುನ್ನೂರು ಪುಟದ ಕಾದಂಬರಿಗೆ ಹದಿನೈದರಿಂದ ಇಪ್ಪತ್ತೈದು ಸಾಲು ಸಾಕು. ಪ್ರತಿ ದೃಶ್ಯಕ್ಕೂ ಸಾಲು ಬೇಡ, ಕಾಲ ಜಿಗಿದಲ್ಲಿ ಮಾತ್ರ ಹಾಕಿ.

ಹೀಗೊಂದು ಕಥೆ ಇಟ್ಟುಕೊಳ್ಳಿ. 2190ರಲ್ಲಿ ಮೂವತ್ತರ ಎಂಜಿನಿಯರ್ ಲೀನಾಗೆ ಅಪರಿಚಿತ ಹೆಂಗಸೊಬ್ಬಳು ಎಂಜಿನ್ ಕೋಣೆಯ ಕೀಲಿಕೈ ಕೊಟ್ಟು ಮಾಯವಾಗುತ್ತಾಳೆ. ಇಪ್ಪತ್ತು ವರ್ಷ ಲೀನಾ ಆ ಕೀಲಿಯನ್ನು ಬಳಸುತ್ತಾಳೆ. 2210ರಲ್ಲಿ ಹಿಂದಕ್ಕೆ ಹೋಗಿ ಮೂವತ್ತರ ತನಗೇ ಅದನ್ನು ಕೊಡುತ್ತಾಳೆ. ಹೊರಗಿನ ಕಾಲದ ಕಾಲಂನಲ್ಲಿ 2190, 2210, 2190. ಸ್ವಂತ ವಯಸ್ಸಿನ ಕಾಲಂನಲ್ಲಿ 30, 50, 50. ಇಲ್ಲಿಯವರೆಗೆ ತೊಂದರೆಯಿಲ್ಲ.

ಈಗ ಕೊನೆಯ ಎರಡು ಕಾಲಂ ನೋಡಿ. ಐವತ್ತರ ಲೀನಾಗೆ ಆ ಭೇಟಿ ಒಮ್ಮೆ ಆಗಿಹೋದದ್ದು, ಆಡಿದ ಮಾತೆಲ್ಲ ನೆನಪಿರಬೇಕು. ಲೇಖಕರು ಅವಳನ್ನು ಆ ದೃಶ್ಯದಲ್ಲಿ ಬೆಚ್ಚಿಬೀಳಿಸಿದರೆ ಕಾರಣ ಕೊಡಬೇಕು. ಇನ್ನು ಕೀಲಿ. ಇಪ್ಪತ್ತು ವರ್ಷದ ಬಳಕೆಯಲ್ಲಿ ಅದು ಸವೆದಿದೆ. ಆದರೆ ಸವೆದ ಮೇಲೆ ಕೊಟ್ಟದ್ದೂ ಸವೆಯುವ ಮೊದಲು ಪಡೆದದ್ದೂ ಒಂದೇ ಕೀಲಿ, ಒಂದೇ ಗಳಿಗೆ! ಒಂದು ಗೀರು ಹೆಚ್ಚಾದರೂ ಸುತ್ತು ಕೂಡುವುದಿಲ್ಲ. ಇದನ್ನು ಬೂಟ್‌ಸ್ಟ್ರ್ಯಾಪ್ ವಿರೋಧಾಭಾಸ ಎನ್ನುತ್ತಾರೆ. ಜಾಣ ಲೇಖಕರು ಕೀಲಿಯ ಬದಲು ಸೂತ್ರವನ್ನೋ ಸಂದೇಶವನ್ನೋ ಸುತ್ತಿಸುತ್ತಾರೆ, ಏಕೆಂದರೆ ಮಾಹಿತಿ ಸವೆಯುವುದಿಲ್ಲ. ಆಗಲೂ ಆ ಸೂತ್ರವನ್ನು ಮೊದಲು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ, ಆದರೆ ಲೆಕ್ಕ ಮುರಿಯುವುದಿಲ್ಲ. ಅಭಿಪ್ರಾಯದಲ್ಲಿ "ವಿಚಿತ್ರವಾಗಿದೆ" ಮತ್ತು "ಮುರಿದಿದೆ" ಬೇರೆ ಬೇರೆ ಮಾತುಗಳು. ವಿಚಿತ್ರವನ್ನು ಮುರಿದದ್ದೆಂದು ಬರೆಯುವುದೇ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು.

ಒಂದೇ ಪಾತ್ರ ಎರಡು ವಯಸ್ಸಿನಲ್ಲಿ ಎದುರಾದಾಗ ಪಟ್ಟಿಯಲ್ಲಿ ಲೀನಾ-30, ಲೀನಾ-50 ಎಂದೇ ಬರೆಯಿರಿ. 'ಅವಳು ಅವಳಿಗೆ ಕೊಟ್ಟಳು' ಎಂದು ಬರೆದಿಟ್ಟರೆ ನಾಲ್ಕು ದಿನ ಬಿಟ್ಟು ನಿಮಗೇ ತಿಳಿಯುವುದಿಲ್ಲ.

4. ಕಾಲದ ನಿಯಮ ಯಾವುದು?

'ನಿ' ಗುರುತು ಹಾಕಿದ ಪುಟಗಳನ್ನು ಒಟ್ಟಿಗೆ ತೆರೆದು ಓದಿ. ನಿಯಮಗಳಲ್ಲಿ ಮುಖ್ಯವಾದವು ಮೂರು.

ಆದದ್ದು ಆಗಿಯೇ ಆಗುತ್ತದೆ ಎಂಬುದು ಒಂದು. ಹಿಂದಕ್ಕೆ ಹೋದವನು ಇತಿಹಾಸ ಬದಲಿಸುವುದಿಲ್ಲ, ಇತಿಹಾಸದ ಭಾಗವೇ ಆಗಿದ್ದ. ಭೌತವಿಜ್ಞಾನಿ ಇಗೊರ್ ನೊವಿಕೊವ್ ಹೆಸರಿನ ಸ್ವಸಂಗತತೆಯ ತತ್ತ್ವ ಹೇಳುವುದು ಇದನ್ನೇ. ಬದಲಾಯಿಸಬಹುದು, ಬದಲಾದರೆ ಹಳೆಯದು ಅಳಿಸಿಹೋಗುತ್ತದೆ ಎಂಬುದು ಇನ್ನೊಂದು. ಹಿಂದಕ್ಕೆ ಹೋಗಿ ತನ್ನ ಅಜ್ಜನನ್ನೇ ಕೊಂದವನು ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆ ಕಾಡುವುದು ಇಲ್ಲಿ ಮಾತ್ರ. ಮೂರನೆಯದು ಕವಲು: ಬದಲಾಯಿಸಿದ ಗಳಿಗೆಯಿಂದ ಬೇರೆ ಜಗತ್ತು ಹುಟ್ಟುತ್ತದೆ, ಹಳೆಯದು ತನ್ನಷ್ಟಕ್ಕೆ ಮುಂದುವರಿಯುತ್ತದೆ. ಭೌತವಿಜ್ಞಾನಿ ಹ್ಯೂ ಎವರೆಟ್ 1957ರಲ್ಲಿ ಮಂಡಿಸಿದ, ಹಲವು ಜಗತ್ತುಗಳ ಕ್ವಾಂಟಮ್ ವ್ಯಾಖ್ಯಾನವನ್ನು ಕಥೆಗಾರರು ಇದಕ್ಕೆ ಧಾರಾಳವಾಗಿ ಎರವಲು ಪಡೆಯುತ್ತಾರೆ. 2009ರ 'ಸ್ಟಾರ್ ಟ್ರೆಕ್' ಸಿನಿಮಾ ನಿಂತಿರುವುದು ಈ ಕವಲಿನ ಮೇಲೆಯೇ.

ಪರೀಕ್ಷೆ ಸುಲಭ. ಪಾತ್ರ ಹಿಂದೆ ಹೋಗಿ ಏನನ್ನೋ ಕೆಡಿಸಿದ ನಂತರ ಕೈಯಲ್ಲಿರುವ ಫೋಟೋ ಬದಲಾಯಿತೇ? ಬದಲಾದರೆ ಎರಡನೆಯ ನಿಯಮ. ಫೋಟೋ ಹಾಗೇ ಇದ್ದು ಊರೇ ಬೇರೆಯಾಗಿದ್ದರೆ ಮೂರನೆಯದು. ಕೆಡಿಸಿದ್ದರಿಂದಲೇ ಫೋಟೋ ಹಾಗಿದೆ ಎಂದಾದರೆ ಮೊದಲನೆಯದು.

ಯಾವ ನಿಯಮ ಮೇಲು ಎಂಬ ವಾದಕ್ಕೆ ಇಳಿಯಬೇಡಿ. ನಡುವೆ ನಿಯಮ ಬದಲಾಯಿತೇ, ಅದೊಂದನ್ನೇ ನೋಡಿ. 80ನೇ ಪುಟದಲ್ಲಿ "ಏನೂ ಬದಲಿಸಲಾಗದು" ಎಂದ ವಿಜ್ಞಾನಿ 260ರಲ್ಲಿ ನಾಯಕನನ್ನು ಉಳಿಸಲು ಸಲೀಸಾಗಿ ಬದಲಿಸಿದರೆ ಅದು ಬಿರುಕು. ಆದರೆ ಮೊದಲಿನ ಮಾತು ಆ ವಿಜ್ಞಾನಿಯ ತಪ್ಪು ನಂಬಿಕೆ ಎಂದು ಕಥೆಯೇ ತೋರಿಸಿಕೊಟ್ಟರೆ ಅದು ತಿರುವು. ಎರಡಕ್ಕೂ ಪುಟಸಂಖ್ಯೆ ಸಹಿತ ಸಾಕ್ಷಿ ಇಟ್ಟುಕೊಳ್ಳಿ.

ಟೈ-ಇನ್‌ಗೆ ಇನ್ನೊಂದು ತೊಡಕಿದೆ: ಮೂಲ ಸರಣಿಯೇ ಒಂದೇ ನಿಯಮಕ್ಕೆ ಅಂಟಿಕೊಂಡಿರುವುದಿಲ್ಲ. 'ಡಾಕ್ಟರ್ ಹೂ'ನಲ್ಲಿ ಜ್ವಾಲಾಮುಖಿಗೆ ಬಲಿಯಾದ ಪೊಂಪೆ ನಗರದ ಕಥೆಯಿರುವ 2008ರ ಕಂತು ಕೆಲವು ಘಟನೆಗಳನ್ನು ಅಲುಗಿಸಲಾಗದ ಬಿಂದುಗಳೆಂದು, ಉಳಿದವನ್ನು ಬದಲಿಸಬಹುದಾದವೆಂದು ವಿಂಗಡಿಸುತ್ತದೆ. ಯಾವುದು ಯಾವ ಗುಂಪಿಗೆ ಎಂಬುದು ಕಥೆಯ ಅನುಕೂಲಕ್ಕೆ ಬಿಟ್ಟದ್ದು. ಹೀಗಿರುವಾಗ ಕಾದಂಬರಿಕಾರರು ಸರಣಿಯ ಯಾವ ಕಂತಿನ ನಿಯಮ ಆರಿಸಿಕೊಂಡರು ಎಂದು ಗುರುತಿಸಿ. "ಸರಣಿಯ ನಿಯಮ ಮುರಿದರು" ಎಂದು ಸಾರಾಸಗಟಾಗಿ ಬರೆದರೆ ಸರಣಿ ಬಲ್ಲವರು ಎರಡೇ ನಿಮಿಷದಲ್ಲಿ ಎದುರು ಉದಾಹರಣೆ ತಂದು ಮುಂದಿಡುತ್ತಾರೆ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಕಾಲಯಂತ್ರ ಕೈಯಲ್ಲಿರುವಾಗ ಅವಸರವೇಕೆ? "ಇನ್ನು ಹತ್ತೇ ನಿಮಿಷ" ಎಂದು ಓಡುವವರು ಒಂದು ಗಂಟೆ ಮೊದಲೇ ಹೋಗಿ ಇಳಿಯಬಹುದಲ್ಲ! ಇಂಧನ ಒಂದೇ ಜಿಗಿತಕ್ಕೆ ಸಾಕು, ಯಂತ್ರ ಗುರಿ ತಪ್ಪುತ್ತದೆ, ತಾನು ಈಗಾಗಲೇ ಇದ್ದ ಗಳಿಗೆಗೆ ಹೋಗುವಂತಿಲ್ಲ, ಹೀಗೆ ಏನಾದರೊಂದು ತಡೆ ಮೊದಲೇ ಹೇಳಿರಬೇಕು. ಕ್ಲೈಮ್ಯಾಕ್ಸ್‌ಗೆ ಇಪ್ಪತ್ತು ಪುಟ ಮೊದಲು ತಡೆ ಹುಟ್ಟಿಕೊಂಡರೆ ಅದು ತಿಪ್ಪೆ ಸಾರಿಸಿದ ಹಾಗೆ.

5. ಕೊನೆಗೆ ಏನು ಉಳಿಯಿತು ನೋಡಿ

ಸರಣಿ ಇನ್ನೂ ನಡೆಯುತ್ತಿರುವಾಗ ಬರುವ ಟೈ-ಇನ್‌ಗೆ ಒಂದು ಅಲಿಖಿತ ಕರಾರಿದೆ: ಆಟಿಕೆಗಳನ್ನು ತೆಗೆದ ಜಾಗದಲ್ಲೇ ಇಡಬೇಕು. ಮುಂದಿನ ಕಂತಿಗೆ ಅಡ್ಡಿಯಾಗುವಂಥದ್ದು ಯಾವುದೂ ಕೊನೆಯ ಪುಟದಲ್ಲಿ ಉಳಿಯಬಾರದು. ಈ ಕರಾರಿಗೆ ಕಾಲಯಾನದಷ್ಟು ಅಗ್ಗದ ಸಾಧನ ಬೇರೊಂದಿಲ್ಲ. ಗ್ರಹ ಸುಟ್ಟುಹೋಗಲಿ, ನಾಯಕಿ ಸಾಯಲಿ, ಕೊನೆಗೆ ಕಾಲವನ್ನು ಹಿಂದಕ್ಕೆ ತಿರುಗಿಸಿದರೆ ಮುಗಿಯಿತು. ಓದುಗನಿಗೆ ಮುನ್ನೂರು ಪುಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ.

ಹಾಗೆಂದು ಹಿಂದಕ್ಕೆ ತಿರುಗಿಸಿದ ಕಥೆಯೆಲ್ಲ ಕೆಟ್ಟದ್ದಲ್ಲ. ಮೂರು ಪ್ರಶ್ನೆ ಹಾಕಿ. ಯಾರಿಗಾದರೂ ನೆನಪಿದೆಯೇ? ಒಬ್ಬರಿಗಾದರೂ ನೆನಪಿದ್ದರೆ, ಯಾರೂ ನಂಬದ ಒಂದು ದುಃಖವನ್ನು ಅವರು ಹೊತ್ತು ತಿರುಗಬೇಕಾಗುತ್ತದೆ. ಆ ಭಾರ ಕೊನೆಯ ಅಧ್ಯಾಯದಲ್ಲಿ ಕಾಣುತ್ತದೆಯೇ ನೋಡಿ. ತಿರುಗಿಸುವುದಕ್ಕೆ ಬೆಲೆ ಕೊಟ್ಟವರಿದ್ದಾರೆಯೇ? ಅಳಿಸಿದ ಜಗತ್ತಿನಲ್ಲಿ ಹುಟ್ಟಿದ ಮಗು, ಆದ ಮದುವೆ, ಇವುಗಳ ಲೆಕ್ಕ ಯಾರು ಹೊತ್ತರು? ಮೂರನೆಯದು, ಆ ನಿರ್ಧಾರ ತೆಗೆದುಕೊಂಡದ್ದು ಪಾತ್ರವೋ, ಯಂತ್ರದ ಗುಂಡಿಯೋ? ಗುಂಡಿ ಒತ್ತಿದ್ದರಿಂದ ತಂತಾನೇ ಸರಿಹೋದರೆ ಅಲ್ಲಿ ನಾಟಕವಿಲ್ಲ.

ಇದರ ದೊಡ್ಡ ಉದಾಹರಣೆ 'ಸ್ಟಾರ್ ಟ್ರೆಕ್' ಕಾದಂಬರಿಗಳಲ್ಲೇ ಇದೆ. 2002ರ ಸಿನಿಮಾದ ನಂತರ ತೆರೆಯಲ್ಲಿ 'ನೆಕ್ಸ್ಟ್ ಜನರೇಶನ್' ಪಾತ್ರಗಳ ಕಥೆ ನಿಂತಿತು, ಕಾದಂಬರಿಗಳು ಅದನ್ನು ವರ್ಷಗಟ್ಟಲೆ ಮುಂದುವರಿಸಿದವು. 2020ರಲ್ಲಿ ಹೊಸ ಟಿವಿ ಸರಣಿ ಬಂದು ಅದೇ ವರ್ಷಗಳಿಗೆ ಬೇರೆಯೇ ಕಥೆ ಹೇಳಿತು. ಆಗ ಕಾದಂಬರಿಕಾರರು 2021ರಲ್ಲಿ ಮೂರು ಪುಸ್ತಕಗಳ ಒಂದು ಕಥೆ ಬರೆದು, ತಾವು ಕಟ್ಟಿದ ಜಗತ್ತನ್ನೇ ಒಂದು ಪ್ರತ್ಯೇಕ ಕಾಲಧಾರೆ ಎಂದು ಮಾಡಿ, ಅನೇಕ ಪಾತ್ರಗಳ ಸಾವಿನೊಂದಿಗೆ ಅದಕ್ಕೆ ಮುಕ್ತಾಯ ಕೊಟ್ಟರು. ಪ್ರಕಾಶನದ ಒತ್ತಡವೇ ಕಾಲಯಾನದ ಕಥಾವಸ್ತುವಾದ ಅಪರೂಪದ ಸಂದರ್ಭ ಅದು. ಇಂಥ ಹಿನ್ನೆಲೆ ಗೊತ್ತಿಲ್ಲದೆ "ಇಷ್ಟೊಂದು ಸಾವು ಏಕೆ" ಎಂದು ಕೇಳಿದರೆ ಪ್ರಶ್ನೆ ಅರ್ಧವೇ ಆಗುತ್ತದೆ.

6. ಪಾತ್ರದ ದನಿ

ಯಾವುದಾದರೂ ಸಂಭಾಷಣೆಯ ಪುಟ ತೆರೆದು 'ಎಂದನು', 'ಎಂದಳು'ಗಳನ್ನು ಬೆರಳಿನಿಂದ ಮುಚ್ಚಿ. ಹತ್ತು ಮಾತಿನಲ್ಲಿ ಏಳನ್ನಾದರೂ ಯಾರದೆಂದು ಹೇಳಲು ಬಂದರೆ ದನಿ ಸಿಕ್ಕಿದೆ. ನಟನ ಹಾವಭಾವಕ್ಕೆ ಜೋತುಬೀಳುವುದು ಇಲ್ಲಿನ ದೊಡ್ಡ ರೋಗ: ಹುಬ್ಬೇರಿಸಿದ, ಅಂಗಿ ಎಳೆದುಕೊಂಡ, ಹುಬ್ಬೇರಿಸಿದ. ತೆರೆಯ ಮೇಲೆ ಚೆಂದ ಕಂಡ ಹುಬ್ಬು ಕಾಗದದ ಮೇಲೆ ಐದನೇ ಸಲಕ್ಕೆ ಬೇಸರ. ಎಣಿಸಿ ಬರೆದರೆ ನಿಮ್ಮ ಮಾತಿಗೆ ತೂಕ. ಇದಕ್ಕೆ ಪ್ರತಿಯಾಗಿ, ಕ್ಯಾಮೆರಾಕ್ಕೆ ಸಿಗದ ಮನಸ್ಸಿನ ಒಳಮಾತು ಪುಸ್ತಕದಲ್ಲಿ ಸಿಕ್ಕಿತೇ? ಟೈ-ಇನ್ ಕಾದಂಬರಿ ತೆರೆಗಿಂತ ಮುಂದೆ ಹೋಗಬಲ್ಲದ್ದು ಅಲ್ಲಿಯೇ.

7. ದಿನಾಂಕ, ವಿಜ್ಞಾನ: ಪರೀಕ್ಷಿಸಿ, ಆದರೆ ಮಿತಿಯಲ್ಲಿ

ಇತಿಹಾಸಕ್ಕೆ ಹೋಗುವ ಕಥೆಯಾದರೆ ಪಂಚಾಂಗದಲ್ಲಿ ಎಡವುವುದು ಹೆಚ್ಚು. ಹಳೆಯ ಜೂಲಿಯನ್ ಪಂಚಾಂಗ ಬಿಟ್ಟು ಈಗಿನ ಗ್ರೆಗೋರಿಯನ್‌ಗೆ ಬಂದಾಗ ದೇಶಗಳು ಕೆಲವು ದಿನ ಹಾರಿಸಿದವು. ಬ್ರಿಟನ್‌ನಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ನಡುವಿನ ಹನ್ನೊಂದು ದಿನ ಅಲ್ಲಿ ಇರಲೇ ಇಲ್ಲ. ಇಟಲಿ, ಸ್ಪೇನ್‌ಗಳಲ್ಲಿ 1582ರ ಅಕ್ಟೋಬರ್ 4ರ ನಂತರ 15 ಬಂತು. ರಷ್ಯಾದಲ್ಲಿ 1918ರ ಜನವರಿ 31ರ ಮರುದಿನ ಫೆಬ್ರವರಿ 14. ಕ್ರಿ.ಪೂ. 1 ಆದಮೇಲೆ ನೇರವಾಗಿ ಕ್ರಿ.ಶ. 1, ಸೊನ್ನೆಯ ವರ್ಷವಿಲ್ಲ. ಹಾಗಾಗಿ ಕ್ರಿ.ಪೂ. 10ರಿಂದ ಕ್ರಿ.ಶ. 10ಕ್ಕೆ ಹತ್ತೊಂಬತ್ತು ವರ್ಷ, ಇಪ್ಪತ್ತಲ್ಲ.

ವೇಗದಿಂದ ಭವಿಷ್ಯಕ್ಕೆ ಹೋಗುವ ಕಥೆಗೆ ಒಂದು ಅಂಕಿ ಸಾಕು: ಬೆಳಕಿನ ವೇಗದ ಶೇ. 86.6ರಲ್ಲಿ ಹೋದರೆ ನೌಕೆಯಲ್ಲಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತು. ಬೆಳಕಿನ ಅರ್ಧ ವೇಗದಲ್ಲಿ ಹೋಗಿ ಅದೇ ಹತ್ತು ವರ್ಷದಲ್ಲಿ ಶತಮಾನ ದಾಟಿದರೆಂದರೆ ಲೆಕ್ಕ ತಪ್ಪಿದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುವುದರಿಂದ ಒಂದು ಗಂಟೆ ಹಿಂದಕ್ಕೆ ಜಿಗಿದವನು ನಿಂತ ಜಾಗದಲ್ಲಿ ಭೂಮಿ ಇರುವುದಿಲ್ಲ, ಲಕ್ಷ ಕಿಲೋಮೀಟರ್‌ಗೂ ಆಚೆ ಇರುತ್ತದೆ ಎಂಬ ತಕರಾರೂ ಆಗಾಗ ಕೇಳಿಬರುತ್ತದೆ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಿ. ಈ ಪ್ರಕಾರವೇ ಒಪ್ಪಿಕೊಂಡ ಸುಳ್ಳು ಅದು. ತಪ್ಪು ಕಥೆಯ ತಿರುವನ್ನು ಹೊತ್ತಿದ್ದರೆ ಮಾತ್ರ ಬರೆಯಿರಿ. ಹಿನ್ನೆಲೆಯಲ್ಲಿದ್ದರೆ ಅರ್ಧ ಸಾಲು, ಅದೂ ಬೇಕಿದ್ದರೆ.

8. ಬರೆಯುವುದು

ಬೇರೆಯವರ ಅಭಿಪ್ರಾಯ ಓದುವ ಮೊದಲೇ ನಿಮ್ಮ ಕರಡು ಮುಗಿಸಿ. 350ರಿಂದ 500 ಪದ ಧಾರಾಳವಾಯಿತು. ಮೊದಲ ವಾಕ್ಯದಲ್ಲೇ ಯಾವ ಸರಣಿ, ಯಾವ ಘಟ್ಟ, ಹೊಸ ಕಥೆಯೋ ತೆರೆಯ ಕಥೆಯೋ, ಸರಣಿ ನೋಡದವರು ಓದಬಹುದೇ ಎಂಬುದು ಬರಲಿ. ಆಮೇಲೆ ಕಾದಂಬರಿಯಾಗಿ ಹೇಗಿದೆ, ಅನಂತರ ಕಾಲದ ನಿಯಮ, ಕೊನೆಗೆ ಸರಣಿಯೊಂದಿಗಿನ ಹೊಂದಿಕೆ. ಹೊಂದಿಕೆಯನ್ನು ಮೊದಲಿಗಿಟ್ಟರೆ ಅಭಿಮಾನಿಗಳಲ್ಲದವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಕನ್ನಡದಲ್ಲಿ ಬರೆಯುವಾಗ 'ಹಿಂದೆ', 'ಮುಂದೆ' ಕೈಕೊಡುತ್ತವೆ. "ಹಿಂದೆ ನಡೆದ ಸ್ಫೋಟ" ಎಂದರೆ ಹಿಂದಿನ ಅಧ್ಯಾಯದ್ದೋ, ಹಿಂದಿನ ಶತಮಾನದ್ದೋ, ನಾಯಕಿಯ ಬದುಕಿನಲ್ಲಿ ಮೊದಲು ಆದದ್ದೋ? ಮೂರೂ ಬೇರೆ. ಪುಟದ ಮಾತಾದರೆ 'ಹಿಂದಿನ ಅಧ್ಯಾಯದಲ್ಲಿ', ಹೊರಗಿನ ಕಾಲವಾದರೆ ಇಸವಿ, ಸ್ವಂತ ಕಾಲವಾದರೆ 'ಅವಳ ಮೂವತ್ತನೇ ವಯಸ್ಸಿನಲ್ಲಿ' ಎಂದು ಬಿಡಿಸಿ ಬರೆಯಿರಿ. 'ಆಮೇಲೆ' ಕೂಡ ಅಷ್ಟೇ ಮೋಸಗಾರ.

ಸ್ಪಾಯ್ಲರ್ (ಕಥೆಯ ಗುಟ್ಟು ಮೊದಲೇ ಬಿಟ್ಟುಕೊಡುವ ಮಾತು) ವಿಷಯದಲ್ಲಿ ಈ ಪ್ರಕಾರ ಉಳಿದವುಗಳಿಗಿಂತ ಸೂಕ್ಷ್ಮ. ಬೇರೆ ಕಾದಂಬರಿಗಳಲ್ಲಿ ಕೊಲೆಗಾರನ ಹೆಸರು ಮುಚ್ಚಿಟ್ಟರೆ ಸಾಕು, ಇಲ್ಲಿ ಕಥೆಯ ಆಕಾರವೇ ಗುಟ್ಟಾಗಿರಬಹುದು. "ಕೊನೆ ಓದಿದ ಮೇಲೆ ಮೊದಲ ಅಧ್ಯಾಯಕ್ಕೆ ಮರಳಿ" ಎಂಬ ನಿರಪರಾಧಿ ಸಲಹೆಯೇ ಸುತ್ತನ್ನು ಬಿಟ್ಟುಕೊಡುತ್ತದೆ. ಹಿಂಬದಿಯ ರಕ್ಷಾಪುಟದಲ್ಲಿರುವುದು ಮತ್ತು ಮೊದಲ ಐದನೇ ಒಂದು ಭಾಗದಲ್ಲಿ ಬರುವುದು ಬಯಲು ಮಾತು. ಅದರಾಚೆಯದಕ್ಕೆ ಪ್ರತ್ಯೇಕ ಪ್ಯಾರಾ, ಮೇಲೊಂದು ಎಚ್ಚರಿಕೆಯ ಸಾಲು. ಮೂರು ನಿಯಮಗಳಲ್ಲಿ ಯಾವುದೆಂದು ಹೇಳುವುದೂ ಕೆಲವೊಮ್ಮೆ ಗುಟ್ಟು ಒಡೆದಂತೆ. ಆಗ "ನಿಯಮಕ್ಕೆ ಕೊನೆಯವರೆಗೂ ಬದ್ಧವಾಗಿದೆ" ಎಂದಷ್ಟೇ ಹೇಳಿ.

"ಕಾಲಯಾನದ ಭಾಗ ಗೊಂದಲವಾಗಿದೆ" ಎಂಬಂಥ ಅಡ್ಡಗೋಡೆಯ ಮೇಲಿನ ದೀಪದ ಮಾತು ಬೇಡ. ಅದರ ಬದಲು: "ನಾಲ್ಕನೇ ಅಧ್ಯಾಯದಲ್ಲಿ ಯಂತ್ರ ಒಂದೇ ಸಲ ಕೆಲಸ ಮಾಡುತ್ತದೆ ಎನ್ನುತ್ತಾರೆ, ಹನ್ನೊಂದರಲ್ಲಿ ಕಾರಣವಿಲ್ಲದೆ ಎರಡನೇ ಸಲ ಓಡುತ್ತದೆ." ದೂರು ಚಿಕ್ಕದಾಯಿತು, ಓದುಗ ತಾನೇ ತೂಗಿ ನೋಡಬಹುದು. ನಕ್ಷತ್ರ ಕೊಡುವುದಾದರೆ ಮೂರು ಲೆಕ್ಕಕ್ಕೂ ಬೇರೆ ಬೇರೆ ಅಂಕ ಕೊಡಿ. ಕಾದಂಬರಿಗೆ 4, ನಿಯಮಕ್ಕೆ 2, ಹೊಂದಿಕೆಗೆ 5 ಎಂದು ಕಂಡರೆ ಅಭಿಮಾನಿಗೂ ಹೊಸಬನಿಗೂ ತನಗೆ ಬೇಕಾದ್ದು ಸಿಗುತ್ತದೆ. ಸರಾಸರಿ ಮಾಡಿದರೆ ಇಬ್ಬರಿಗೂ ಸಿಗುವುದಿಲ್ಲ.

9. ಬೇರೆಯವರ ಅಭಿಪ್ರಾಯದೊಡನೆ ತಾಳೆ ನೋಡಿ

ಕರಡು ಮುಗಿದ ಮೇಲೆ ಎರಡು ಮತ್ತು ನಾಲ್ಕು ನಕ್ಷತ್ರದವನ್ನು ಓದಿ. ಒಂದು, ಐದು ನಕ್ಷತ್ರದವರು ಸಾಮಾನ್ಯವಾಗಿ ಸರಣಿಯ ಬಗ್ಗೆ ಮಾತಾಡುತ್ತಿರುತ್ತಾರೆ. ಎರಡು, ನಾಲ್ಕರವರು ಪುಸ್ತಕದ ಬಗ್ಗೆ. ಬರೆದವರು ಓದಿದ್ದು ಯಾವ ರೂಪ ಎಂದು ಗಮನಿಸಿ. ಹಳೆಯ ಟೈ-ಇನ್‌ಗಳ ಆಡಿಯೋ ಆವೃತ್ತಿಗಳಲ್ಲಿ ಅನೇಕವು ಸಂಕ್ಷಿಪ್ತ. "ಆ ಪಾತ್ರ ಎಲ್ಲಿಗೆ ಹೋಯಿತೋ" ಎಂಬ ದೂರಿಗೆ ಕಾರಣ ಲೇಖಕರಲ್ಲ, ಕತ್ತರಿ ಆಗಿರಬಹುದು.

ಒಬ್ಬರನ್ನೊಬ್ಬರು ಉಲ್ಲೇಖಿಸದ ಮೂವರು ಒಂದೇ ದೃಶ್ಯದ ಬಗ್ಗೆ ಒಂದೇ ತಕರಾರು ತೆಗೆದಿದ್ದರೆ, ನಿಮ್ಮ ಪಟ್ಟಿಯ ಆ ಸಾಲಿಗೆ ಮರಳಿ ಪುಟ ತೆರೆದು ನೋಡಿ. ನಿಮ್ಮದೇ ತಪ್ಪಾಗಿದ್ದರೆ ತಿದ್ದಿ. ಪುಟ ನಿಮ್ಮ ಪರವಾಗಿದ್ದರೆ ಮೂವರಿಗಾಗಿ ಮಾತು ಬದಲಿಸಬೇಡಿ, ಪುಟಸಂಖ್ಯೆ ಸೇರಿಸಿ ಪ್ರಕಟಿಸಿ.